ಎಂಟು ಮಾರು, ಒಂದೂವರೆ ಗೇಣು

ಮಲ್ಪೆಯ ಧಕ್ಕೆಯ ಹಿಂದೆ, ಐಸ್ ಫ್ಯಾಕ್ಟರಿಗೆ ತಾಗಿ
ನನ್ನ ಅಂಗಡಿ. ದೋಣಿಗೆ, ಎಂಜಿನ್ನಿಗೆ, ಜನರೇಟರಿಗೆ
ಹೊದಿಕೆ ಹೊಲಿಯುತ್ತೇನೆ. ಮನುಷ್ಯರಿಗೆ ಹೊಲಿಯುವುದಿಲ್ಲ;
ಅವರು ಊದುತ್ತಾರೆ, ಬತ್ತುತ್ತಾರೆ, ಆಮೇಲೆ ಜಗಳಕ್ಕೆ ಬರುತ್ತಾರೆ.

ಮತಾಯಸ್ ಮಾಸ್ಟ್ರು ಬಂದದ್ದು ಏಪ್ರಿಲಿನ ಒಂದು ಮಧ್ಯಾಹ್ನ,
ಕಂಕುಳಲ್ಲಿ ಕಾಗದದ ಸುರುಳಿ, ಕಾಲಲ್ಲಿ ಪದವಿನ ಕೆಂಪು ಧೂಳು.
"ಗ್ಲೈಡರಿಗೆ ಹೊದಿಕೆ ಬೇಕು ಜಲಜಾಕ್ಷಿ, ಹೊರಗೇ ನಿಲ್ಲುವಂಥದ್ದಕ್ಕೆ.
ಶೆಡ್ಡು ಕಟ್ಟಲು ದುಡ್ಡಿಲ್ಲ."
ಎಂಜಿನ್ ಎಷ್ಟು ದೊಡ್ಡದು ಅಂದೆ.
ಎಂಜಿನ್ನೇ ಇಲ್ಲ ಅಂದರು.
ಒಳಗೆ ಬಲೆಯ ತುಂಡು ಕತ್ತರಿಸುತ್ತಿದ್ದ ಗುಲಾಬಿ ನಕ್ಕಳು:
"ಪಕ್ಕಿಗ್ ಅಂಗಿಯಾ?"

ನೀಲಿ ಟಾರ್ಪಾಲು ಎಳೆದು ತೋರಿಸಿದೆ. ಅಗ್ಗ, ಗಟ್ಟಿ,
ಮೂರು ಮಳೆಗಾಲ ಗ್ಯಾರಂಟಿ.
ಬೇಡ ಅಂದರು. ಅದರಡಿ ರೆಕ್ಕೆ ಬೆವರುತ್ತದಂತೆ,
ಬೆವರಿಗೆ ಹೋಗಲು ದಾರಿ ಸಿಗದೆ ಮೈಮೇಲೆ ಗುಳ್ಳೆ ಏಳುತ್ತದಂತೆ.
ದಪ್ಪ ಕ್ಯಾನ್ವಾಸು? ನೆನೆದರೆ ಎತ್ತಲು ನಾಲ್ವರು ಬೇಕು.
ಬೆಳ್ಳಿ ಬಣ್ಣದ್ದು, ಕಾರಿಗೆ ಹೊದಿಸುವಂಥದ್ದು?
ಉಗುರಿನಿಂದ ಕೆರೆದರು. ಬೆಳ್ಳಿ ಉಗುರಿಗೆ ಬಂತು.

"ಮಳೆ ದೊಡ್ಡ ಶತ್ರುವಲ್ಲ," ಅಂದರು, "ಮೊದಲು ಬಿಸಿಲು.
ಆಮೇಲೆ ಒಳಗೆ ಸಿಕ್ಕಿಬಿದ್ದ ನೀರು."
ಅದು ನನಗೆ ಹೇಳಬೇಕೆ?
ಕಡಲಲ್ಲಿ ಇಪ್ಪತ್ತು ವರ್ಷ ತೇಲಿದ ದೋಣಿ
ದಡದಲ್ಲಿ ಒಂದೇ ಮಳೆಗಾಲ ಮುಚ್ಚಿಟ್ಟು ಕುಂಬಾದದ್ದು ಕಂಡವಳು ನಾನು.
ಅಪ್ಪ ಹೇಳುತ್ತಿದ್ದರು: ಮುಚ್ಚುವವರು ಮೊದಲು
ಎಲ್ಲಿ ಮುಚ್ಚಬಾರದು ಎಂದು ನೋಡಬೇಕು.

ಭಾನುವಾರ ಪದವಿಗೆ ಹೋದೆವು, ಅಳತೆಗೆ.
ಮುಳಿಹುಲ್ಲಿನ ನಡುವೆ, ಮುರಕಲ್ಲಿನ ಮೇಲೆ
ಬಿಳಿ, ಉದ್ದ, ಒಂದು ರೆಕ್ಕೆ ನೆಲಕ್ಕೆ ಊರಿ
ಸೊಂಟನೋವಿನವರ ಹಾಗೆ ಕೂತಿತ್ತು.
ಟೇಪು ಸಾಲಲಿಲ್ಲ. ಬಲೆ ಅಳೆಯುವ ಹಾಗೆ ಕೈಚಾಚಿ ಅಳೆದೆ:
ತುದಿಯಿಂದ ತುದಿಗೆ ಎಂಟು ಮಾರು, ಮೇಲೊಂದೂವರೆ ಗೇಣು.
ಮುಟ್ಟಿದರೆ ಮಾಂಜಿ ಮೀನಿನ ನುಣುಪು.
ಒಂದು ಹರಳು ಮರಳು ಬಟ್ಟೆಯಡಿ ಸೇರಿದರೆ
ಗಾಳಿಗೆ ಅದೇ ಉಗುರು; ರಾತ್ರಿಯಿಡೀ ಗೀರುತ್ತದೆ.
ಹಾಗಾಗಿ ಬಟ್ಟೆ ಸಡಿಲ ಇರಬಾರದು.
ಬಿಗಿ ಇದ್ದರೆ ಉಸಿರಿಲ್ಲ.
ಇವೆರಡರ ನಡುವೆ ಎಷ್ಟು ಬೆರಳು ಎಂಬುದೇ ನನ್ನ ಕಸುಬು.

ಬೆನ್ನಿಗೆ ಬಿಳಿ ಬಟ್ಟೆ, ಒತ್ತು ನೇಯ್ಗೆಯದು, ಹನಿ ಜಾರುವಂಥದ್ದು.
ಕೂರುವಲ್ಲಿನ ಗಾಜಿನ ಮುಚ್ಚಳಕ್ಕೆ ಒಳಬದಿಯಲ್ಲಿ ಬನಿಯನ್ ಬಟ್ಟೆ,
ಎರಡು ಸಲ ಒಗೆದದ್ದು.
ಹೊಟ್ಟೆಗೆ ಏನು ಎಂದು ಮೂರು ದಿನ ತೋಚಲಿಲ್ಲ.
ಗುಲಾಬಿಯೇ ಹೇಳಿದಳು: ಬಲೆ.
ಬೂತಾಯಿ ಬಲೆಯ ಸಣ್ಣ ಕಣ್ಣು. ನೀರು ನಿಲ್ಲದು, ಗಾಳಿ ತಡೆಯದು.
ಮಾಸ್ಟ್ರು ತುಸು ಹೊತ್ತು ಸುಮ್ಮನಿದ್ದರು.
ಹಾರುವುದಕ್ಕೆ ಬಲೆ ಹಾಕುವುದೇ ಎಂದು ಯೋಚಿಸಿದರೋ,
ರೇಟು ಯೋಚಿಸಿದರೋ.

ತೊಡಿಸುವ ದಿನ ಪಡುಗಾಳಿ ಎದ್ದಿತು.
ಅರ್ಧ ಕಟ್ಟಿದ ಹೊದಿಕೆ ಉಬ್ಬಿ, ರೆಕ್ಕೆಯ ತುದಿ
ನನ್ನ ಕೈಯೊಳಗೇ ಮೇಲೆದ್ದಿತು. ಬಹಳ ಅಲ್ಲ, ಒಂದು ಗೇಣು.
ದೋಣಿಯ ಹಗ್ಗ ಹಿಡಿದ ಕೈ ಇದು, ಎಳೆತ ಗೊತ್ತು;
ನೀರು ಎಳೆಯುವುದು ಅಡ್ಡಕ್ಕೆ, ಇಲ್ಲವೇ ಕೆಳಕ್ಕೆ.
ಇದು ಮೇಲಕ್ಕೆ, ಮೆಲ್ಲಗೆ,
ಹೊರಡಲೇ ಎಂದು ಕೇಳುವ ನೆಂಟರ ಹಾಗೆ.
"ಬಿಡಬೇಡ!" ಮಾಸ್ಟ್ರು ಕೂಗಿದರು.
ಬಿಡಲಿಲ್ಲ. ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಕೇಳಲೂ ಇಲ್ಲ.

ಮರಳಿನ ಚೀಲ ಕಟ್ಟಿದೆವು. ಗಂಟು ಅಪ್ಪನದು,
ಒದ್ದೆಯಾದರೂ ಒಂದೇ ಎಳೆತಕ್ಕೆ ಬಿಚ್ಚುವಂಥದ್ದು.
ಇಳಿದು ಬರುವಾಗ ತಿರುಗಿ ನೋಡಿದರೆ
ಹೊಸ ಬಿಳಿ ಬೆನ್ನ ಮೇಲೆ ಆಗಲೇ ಒಂದು ಕಾಗೆ.

ಈಗ ಆಟಿ ತಿಂಗಳು. ರಾತ್ರಿ ಮಳೆ ಹೊಡೆದಾಗ
ಕೇರಿಯವರು ತಮ್ಮ ತಮ್ಮ ಮಾಡನ್ನು ನೆನೆಯುತ್ತಾರೆ. ನಾನು
ಎಡರೆಕ್ಕೆಯ ಮೂರನೇ ಹೊಲಿಗೆ ನೆನೆಯುತ್ತೇನೆ:
ಅಲ್ಲಿ ದಾರ ಮುಗಿದು, ಬೇರೆ ಉಂಡೆಯದು ಹಾಕಿದ್ದೆ.
ಮಾಸ್ಟ್ರಿಗೆ ಹೇಳಿರಲಿಲ್ಲ.